ಎಡಗೈಲೆ ಕೊಟ್ಟ ಉಂಗುರ

ಮೂಡಲಗಿ
ತಾ. ೧೪ ಮಾರ್ಚ್ ೧೯೨೭, ಸೋಮವಾರ

ಪ್ರೀತಿಯ ತಮ್ಮ ದುಂಡಪ್ಪನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀ? ಸೊಲ್ಲಾಪುರದಲ್ಲಿ ಈಗಾಗಲೇ ಬಿಸಿಲು ಸುರುವಾಗಿರಬೇಕು. ಗಿರಣಿಯ ಹತ್ತಿಯ ಧೂಳಿಗೆ ಆ ಕೆಮ್ಮು ಮತ್ತೆ ಬಂದಿತೇನು? ನಿನ್ನೆ ಬೆಳಗಿನ ಜಾವ ನನ್ನ ದವಡೆಹಲ್ಲು ಉದುರಿ ಅಂಗೈಯಲ್ಲಿ ಬಿದ್ದಂತೆ ಕನಸು ಕಂಡೆ. ಹಲ್ಲು ಬಿದ್ದರೆ ಒಡಹುಟ್ಟಿದವರಿಗೆ ಕೇಡು ಎಂದು ಅವ್ವ ಹೇಳುತ್ತಿದ್ದಳು. ನನಗೆ ಒಡಹುಟ್ಟಿದವನು ನೀನೊಬ್ಬನೇ. ನಿನ್ನ ಭಾವನ ಮುಂದೆ ಹೇಳಿದರೆ ನಕ್ಕರು. "ಅಡಕಿ ತಿನ್ನೂದು ಹೆಚ್ಚಾಗೈತಿ ನಿಂದು. ಹಲ್ಲು ಖರೇನ ಬೀಳ್ತಾವು ತಗೋ, ಕನಸ್ಯಾಕ?" ಅಂದರು. ಅವರಿಗೆ ಎಲ್ಲವೂ ಚೇಷ್ಟೆ. ಕೆಮ್ಮಿಗೆ ಜ್ಯೇಷ್ಠಮಧು ಚೀಪು, ತಂಬಾಕು ಬಿಡು.

ಯುಗಾದಿ ಮುಗಿದ ಮೇಲೆ ನೀನು ಬಂದು ನಮ್ಮ ಸಾತವ್ವನ ಸಕ್ಕರಿ ಪುಡಾ ಮಾಡಿ ನಿಶ್ಚಯ ಮಾಡಿಕೊಳ್ಳುವುದೆಂದು ಮಾತಾಗಿದೆಯಲ್ಲ, ಅದರ ವಿಷಯ ಬರೆಯಲೆಂದೇ ಕೂತಿದ್ದೇನೆ. ಅಕ್ಕನ ಮಗಳು ತಮ್ಮನಿಗೇ ಎಂದು ಅವಳನ್ನು ತೊಟ್ಟಿಲಲ್ಲಿ ಹಾಕಿದ ದಿನವೇ ಅವ್ವ ಅಂದದ್ದು. ನೀನೂ ಅಷ್ಟು ವರ್ಷ ಕಾದೆ. ಈಗ ಅವಳಿಗೆ ಹದಿನೆಂಟು ತುಂಬಿದೆ, ಊರವರು ಕೇಳತೊಡಗಿದ್ದಾರೆ. ಆದರೆ ಪಂಚಮಿಗೆ ನೀನು ತಂದ ಇಳಕಲ್ಲ ಸೀರೆಯ ಮಡಿಕೆಯನ್ನು ಅವಳು ಇನ್ನೂ ಬಿಚ್ಚಿಲ್ಲ. ಯಾಕವ್ವಾ ಎಂದರೆ ಒಳಗೆ ಎದ್ದು ಹೋಗುತ್ತಾಳೆ. ನನಗೆ ಊಟ ಸೇರುತ್ತಿಲ್ಲ.

ಮನಸ್ಸು ಹಗುರಾಗಲೆಂದು ನಿನ್ನ ಭಾವ ನಮ್ಮಿಬ್ಬರನ್ನೂ ಬಂಡಿ ಕಟ್ಟಿಕೊಂಡು ಗೋಕಾವಿಗೆ ಕರೆದೊಯ್ದರು. ಅಲ್ಲಿ ಚಿತ್ರ ತೋರಿಸುವ ಡೇರೆ ಬಂದಿದೆ. ಹುಕ್ಕೇರಿಯಲ್ಲಿ ಆಡಿಸಿ ಬಂದವರು, ಮುಂದೆ ಸೊಲ್ಲಾಪುರಕ್ಕೇ ಬರುತ್ತಾರಂತೆ. ಫ್ರಾನ್ಸ್ ದೇಶದ ಚಿತ್ರ. ನೀರು ಹೊಡೆದ ದೊಡ್ಡ ಬಿಳಿ ಬಟ್ಟೆ ಕಟ್ಟಿ ಗಂಡಸರನ್ನು ಆ ಬಟ್ಟೆಯ ಮುಂದೆ, ಹೆಂಗಸರನ್ನು ಬಟ್ಟೆಯ ಹಿಂದೆ ಕೂಡಿಸುತ್ತಾರೆ. ಹಿಂದಿನಿಂದಲೂ ಚಲೋ ಕಾಣುತ್ತದೆ. ಚಿತ್ರದವರು ತುಟಿ ಆಡಿಸುತ್ತಾರೆ, ದನಿ ಇಲ್ಲ; ಕಥೆ ಹೇಳಲು ನಬಿಲಾಲ ಎಂಬಾತ ಕೋಲು ಹಿಡಿದು ನಿಂತಿರುತ್ತಾನೆ. "ನೋಡ್ರೆವ್ವಾ, ಇಕಿ ಮನಿಮಗಳು. ಈ ಮೀಸಿಯಾಂವ ಇಕಿ ಸ್ವಾದರಮಾವ, ಇಬ್ಬರಿಗೂ ಲಗ್ನಾ ಗಟ್ಟಿ ಆಗೈತಿ!" ಎಂದು ಕೂಗಿದ. ಆ ದೇಶದಲ್ಲಿ ಸೋದರಮಾವನಿಗೆ ಕೊಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು, ನಮಗೆ ತಿಳಿಯಲೆಂದು ಹಾಗೆ ಹೇಳಿದನೋ ಏನೋ. ನಾನಂತೂ ತಟ್ಟನೆ ಸಾತವ್ವನ ಮಾರಿ ನೋಡಿದೆ.

ನಗುವುದು ಬಹಳ ಇತ್ತು, ತಮ್ಮಾ. ಆ ಮನೆಯ ಯಜಮಾನ ಮೇಜಿನ ಹಾಸಿನ ತುದಿಯನ್ನೇ ಕೊರಳಿಗೆ ಕಟ್ಟಿಕೊಂಡು ಉಣ್ಣಲು ಕೂಡುತ್ತಾನೆ. ಹೆಂಡತಿ ಬೈದಳೆಂದು ಸಿಟ್ಟಿನಿಂದ ಎದ್ದರೆ ಮೇಜಿನ ಹಾಸೂ ಅವನ ಸಂಗಡ ಹೊರಟು ಸಾರೆಲ್ಲ ಅಳಿಯನಾಗಬೇಕಾದ ಆ ಮೀಸೆಯವನ ಮೈಮೇಲೆ. ಥೇಟ್ ನಿನ್ನ ಭಾವನೇ. ಒಂದು ಮಾತ್ರ ನಮಗೆ ಸಹಿಸಲಾಗಲಿಲ್ಲ. ಅಲ್ಲಿ ಎಲ್ಲರೂ ಎಡಗೈಯಲ್ಲೇ ಉಣ್ಣುತ್ತಾರೆ, ಎಡಗೈಯಲ್ಲೇ ಕೈ ಕುಲುಕುತ್ತಾರೆ. ಕಡೆಗೆ ಆ ಹುಡುಗಿ ಅಳುತ್ತ ಬೆರಳಿನ ಉಂಗುರ ತೆಗೆದು ಎಡಗೈಲೆ ಆ ಮಾವನಿಗೆ ತಿರುಗಿ ಕೊಟ್ಟುಬಿಟ್ಟಳು. ನನ್ನ ಬಾಜೂ ಕೂತ ಮುದುಕಿ ತಡೆಯಲಾರದೆ "ಬಲಗೈಗೆ ಏನಾಗೇತಿ ಈ ರಂಡಿಗಿ?" ಎಂದು ಚೀರಿದಳು. ಆತ ತಲೆ ತಗ್ಗಿಸಿ ಹೋದ. ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ದೊಡ್ಡ ಅಪಮಾನ ನೋಡಲಾಗದೆ ಅತ್ತಳೆಂದು ನಾನು ತಿಳಿದೆ.

ತಿರುಗಿ ಬರುವಾಗ ಬಂಡಿಯಲ್ಲಿ ಅದೇ ಜಗಳ. ಎಡಗೈಲೆ ಕೊಟ್ಟಳು, ಅದು ಅಪಮಾನವೇ ಎಂದು ನಾನು. "ಬಲಗೈಲೇನ ಕೊಟ್ಟಾಳ ನೋಡ, ಮುಂದ ಕುಂತು ನೋಡೇನಿ ನಾ" ಎಂದು ನಿನ್ನ ಭಾವ. ಆಗ ಸಾತವ್ವ, "ನಾವು ಹಿಂದ ಕುಂತಿದ್ವೆವ್ವಾ. ಹಿಂದಿನಿಂದ ಬಲಗೈ ಎಡಗೈ ಆಗಿ ಕಾಣ್ತೈತಿ. ಆಕಿ ಮರ್ಯಾದಿಲೇನ ಕೊಟ್ಟಾಳ" ಅಂದಳು. ಆಮೇಲೆ ಅವಳು ಇನ್ನೂ ಏನೋ ಅಂದಳು. ಅದನ್ನು ಹೇಗೆ ಬರೆಯಲಿ ಎಂದು ಮೂರು ಸಲ ಟಾಕು ಅದ್ದಿ ಮೂರು ಸಲ ಒರೆಸಿದೆ.

ಇರಲಿ. ಎಮ್ಮೆ ಈದಿದೆ, ಹೆಣ್ಣುಗರು. ನಿನ್ನ ಭಾವನ ನಮಸ್ಕಾರ ಓದಿಕೊಳ್ಳುವುದು. ನೀನೇ ಕಲಿಸಿದ ಅಕ್ಷರ, ಒತ್ತು ತಪ್ಪಿದ್ದರೆ ತಿದ್ದಿಕೊಂಡು ಓದು. ಬಸವಣ್ಣ ನಿನ್ನನ್ನು ಸುಖವಾಗಿ ಇಡಲಿ.

ನಿನ್ನ ಅಕ್ಕ
ರಾಯವ್ವ

ತಾ.ಕ.: ಟಪಾಲಿನವನು ಊರ ಅಗಸಿ ಬಾಗಿಲಲ್ಲಿ ನಿಂತಿದ್ದಾನೆ, ಬರೆದೇ ಬಿಡುತ್ತೇನೆ. ಅವಳು ಅಂದದ್ದು ಇದು: "ಮಾವ ಬಂದಾನಂದ್ರ ಅಗಸಿತನಕ ಓಡಿ ಹೋಗ್ತಿದ್ನಿ. ಈಗ ಬರ್ತಾನಂದ್ರ ಒಳಗ ಅಡಗಿ ಕುಂಡ್ರಬೇಕನಸ್ತೈತಿ. ನನ್ನ ಮಾವನ್ನ ನನಗ ಮಾವ ಆಗೇ ಇರಾಕ ಬಿಡ್ರೆವ್ವಾ. ಸೀರಿ ನಾನ ತಿರುಗಿ ಕೊಡ್ತೇನಿ, ಬಲಗೈಲೇನ ಕೊಡ್ತೇನಿ." ನಿನ್ನ ಭಾವ ತಮ್ಮ ಕಂಬಳಿ ತೆಗೆದು ಅವಳಿಗೆ ಹೊದಿಸಿದರು. ನಾನೂ ಅವಳಿಗೆ ಬಡಿಯಲಿಲ್ಲ, ಬೈಯಲಿಲ್ಲ. ನೀನು ಸಿಟ್ಟಾದರೆ ನನ್ನ ಮೇಲೆ ಆಗು. ಇನ್ನೊಂದು. ಚಿತ್ರದ ಕೊನೆಗೆ ಆ ಮನೆಯವರು ಊಟಕ್ಕೆ ಕೂತಾಗ ಕದ ತೆರೆದು ಒಬ್ಬ ಬಂದು ಅವರ ಸಂಗಡ ಕೂಡುತ್ತಾನೆ, ಬೆನ್ನಷ್ಟೇ ಕಾಣುತ್ತದೆ. ಆತ ಆ ಮಾವನೇ ಎಂದು ನಿನ್ನ ಭಾವ ಅನ್ನುತ್ತಾರೆ. ಬೇರೆ ಯಾರೋ ಎಂದು ಹೆಂಗಸರೆಲ್ಲ ಅಂದರು, ಆ ದೇಶದ ಗಂಡಸರ ಕರಿ ಕೋಟು ಎಲ್ಲವೂ ಒಂದೇ ನಮೂನೆ. ಡೇರೆ ಸೊಲ್ಲಾಪುರಕ್ಕೆ ಬಂದಾಗ ಮುಂದೆ ಕೂತು ನೋಡು, ತಮ್ಮಾ. ಒಮ್ಮೆ ನೋಡಿ ತಿಳಿಯದಿದ್ದರೆ ಮತ್ತೊಮ್ಮೆ ನೋಡು. ಉಂಗುರ ತಿರುಗಿ ಕೊಟ್ಟ ಮೇಲೂ ಆ ಮನೆಗೆ ಊಟಕ್ಕೆ ಬಂದವನು ಅವನೇ ಹೌದೋ ಅಲ್ಲವೋ, ಅದೊಂದು ಬರೆ.