ಧೂಮಕೇತುವಿನ ಬಾಲದ ಅಳತೆ

ಚನ್ನರಾಯಪಟ್ಟಣ
೧೯-೧-೧೯೬೬

ಪ್ರೀತಿಯ ರೇವಕ್ಕನಿಗೆ,

ಚಕ್ರೇಶ್ವರಿಯ ನಮಸ್ಕಾರಗಳು. ನಿಮ್ಮ ಎರಡು ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಮನಸ್ಸು ಹಿಂಜರಿಯಿತು, ಕ್ಷಮಿಸಿ. ಅಮ್ಮನ ಮಂಡಿನೋವು ಹಾಗೇ ಇದೆ. ನಮ್ಮ ಶಾಲೆಗೆ ಹೊಸ ಗ್ಲೋಬು ಬಂದಿದೆ. ಮಕ್ಕಳು ಮುಟ್ಟಿಯಾರೆಂದು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ.

ಹಾಸನದ ಸಭೆಯಲ್ಲಿ ಏನಾಯಿತೆಂದು ಕೇಳಿದ್ದೀರಿ. ನೆನೆದರೆ ಹೇಸಿಗೆಯಾಗುತ್ತದೆ ಅಕ್ಕ. ನವೆಂಬರಿನಲ್ಲಿ ನಾವು ನಾಲ್ಕು ಊರಿನವರು ಬೆಳಗಿನ ಜಾವ ಎದ್ದು ಧೂಮಕೇತುವಿನ ಬಾಲ ಅಳೆದೆವಲ್ಲ, ಆ ನಾಲ್ಕು ಪಟ್ಟಿಗಳನ್ನು ಒಂದುಮಾಡಿ ಬೆಂಗಳೂರಿನ ಪತ್ರಿಕೆಗೆ ಕಳಿಸಬೇಕಿತ್ತು. ಮೊದಲು ಯಾವ ಅಳತೆಗೆ ಯಾವ ಗುರುತು ಎಂದು ಒಪ್ಪಿಕೊಳ್ಳಬೇಕು. ಅಷ್ಟೇ ಕೆಲಸ.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು ಗಂಗಾಧರಯ್ಯ. ಹೊಳೆನರಸೀಪುರದ ಚನ್ನಬಸವಯ್ಯ ಮೇಷ್ಟರು ಅಡಿಕೋಲನ್ನು ಕೈಚಾಚಿ ಹಿಡಿದು ಅಳೆದವರು. ಒಂಬತ್ತು ಅಂಗುಲ ಎನ್ನಲು ಒಂಬತ್ತರ ನೆತ್ತಿಗೆ ಎರಡು ಗೀಟು ಹಾಕಿದ್ದರು. ವಿಕಲೆಯ ಗುರುತೂ ಎರಡು ಗೀಟೇ ಆದ್ದರಿಂದ ಅಧ್ಯಕ್ಷರು ಅದನ್ನು ಒಂಬತ್ತು ವಿಕಲೆ ಎಂದು ಓದಿಬಿಟ್ಟರು. ಒಂದು ಅಂಶಕ್ಕೆ, ಅಂದರೆ ಒಂದು ಡಿಗ್ರಿಗೆ, ಮೂರು ಸಾವಿರದ ಆರುನೂರು ವಿಕಲೆ! ಊರೆಲ್ಲ ಕತ್ತೆತ್ತಿ ನೋಡಿದ ಬಾಲ ಕಣ್ಣಿಗೇ ಕಾಣದಷ್ಟು ಮೋಟಾಯಿತು.

“ಸಾ, ಅದು ಅಂಗುಲ ಕಣ್ ಸಾ,” ಎಂದರು ಚನ್ನಬಸವಯ್ಯ.

“ಅಂಗುಲ ಬಡಗೀಗೆ ಕಣಯ್ಯ, ಆಕಾಶಕ್ಕಲ್ಲ.”

ಅಧ್ಯಕ್ಷರ ಸ್ವಂತ ಅಳತೆಯ ಪುಸ್ತಕವಾದರೂ ನೆಟ್ಟಗಿತ್ತೇ? ಅಂಶದ ಅರವತ್ತನೇ ಪಾಲಾದ ಕಲೆಗೂ ಒಂದೇ ಗೀಟು, ಗಡಿಯಾರದ ನಿಮಿಷಕ್ಕೂ ಅದೇ ಗೀಟು. “ಇಪ್ಪತ್ತು ಅಂತ ಇದೆಯಲ್ಲ, ಕಲೆಯೋ ನಿಮಿಷವೋ ಸಾರ್?” ಎಂದೆ. “ನೋಡಿದ್ರೆ ಗೊತ್ತಾಗಕ್ಕಿಲ್ವೇನಮ್ಮ?” ಎಂದು ಗದರಿಸಿ, ಕಿಟಕಿಯಾಚೆ ಎಲೆಅಡಿಕೆ ಉಗಿದು ಬಂದು ತಾವೇ ಬಹಳ ಹೊತ್ತು ನೋಡಿದರು. ಗೊತ್ತಾಗಲಿಲ್ಲ. ಆದರೂ ಅವರ ಗುರುತುಗಳೇ ನಿಯಮವಾದವು.

ಆಮೇಲೆ ವಡೆ ತಿಂದ ಕೈಯಲ್ಲೇ ನಿಮ್ಮ ಅರಕಲಗೂಡಿನ ಪುಸ್ತಕ ತಿರುವಿದರು.

“ಎಂಟು ಬೆರಳು, ಅತ್ತು ಬೆರಳು... ಇದೇನ್ರಯ್ಯ! ಈಯಮ್ಮ ಹೂವ ಅಳ್ಯಾಕೆ ಓಗಿದ್ರಾ?”

ಎಲ್ಲರೂ ನಕ್ಕರು. ನೀವು ಒಂದು ದಿನವೂ ತಪ್ಪದೆ ಹತ್ತೊಂಬತ್ತು ಬೆಳಗು ಬರೆದವರು. ಅಧ್ಯಕ್ಷರದು ಆರೇ ದಿನ, ಅದರಲ್ಲೂ ಎರಡು ದಿನ ಮೋಡ. ಚನ್ನಬಸವಯ್ಯನವರಿಗೆ ಅಂಗುಲವನ್ನು ಅಂಶಕ್ಕೆ ತಿರುಗಿಸಿಕೊಳ್ಳಲು ಅಲ್ಲೇ ಅರ್ಧ ಗಂಟೆ ಕೊಟ್ಟರು. ಮಗಳ ಬಾಣಂತನ ಬಿಟ್ಟು ಬರಲಾಗದ ನಿಮ್ಮ ಪಟ್ಟಿಗೆ ಅಡ್ಡಗೀಟು ಎಳೆದರು. ಎಣ್ಣೆಯ ಬೆರಳಚ್ಚು ನಿಮ್ಮ ಪುಟದ ಮೇಲೆ ಹಾಗೇ ಇದೆ. ಪುಸ್ತಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ.

ಕೂಸಿಗೆ ಯಾವ ಹೆಸರಿಟ್ಟಿರಿ? ಅದು ನೂರು ವರ್ಷ ಬಾಳಲಿ, ಬಾಣಂತಿಯ ಮೈ ಬೇಗ ಕೂಡಲಿ. ಚಳಿ ಬಹಳ, ನೀವೂ ಜೋಪಾನ.

ನಿಮ್ಮ ತಂಗಿಯಂಥವಳು,
ಚಕ್ರೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. “ಗೋಡೆಗೆ ಗೆರೆ ಎಳೆದು ಪರೀಕ್ಷಿಸಿದ್ದೇನೆ, ಕೈಚಾಚಿದಾಗ ನನ್ನ ಒಂದು ಬೆರಳು ಎರಡು ಅಂಶಕ್ಕೆ ಸಮ” ಎಂದು ನಿಮ್ಮ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಟಪಾಲಿನಲ್ಲಿ ಬಂದ ದಿನವೇ ಓದಿದ್ದೆ. ಎದ್ದು ಹೇಳಿದ್ದರೆ ಎಲ್ಲವನ್ನೂ ಎರಡರಿಂದ ಗುಣಿಸಿ ಮುಗಿಸಬಹುದಿತ್ತು. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿ, “ಪಟ್ಟೀಗೆ ಸಂಪಾದಕಿ ಅಂತ ನಿಮ್ಮೆಸರೇ ಆಕುವ ಕಣಮ್ಮ” ಎಂದರು. ಬಾಯಿ ಮುಚ್ಚಿಕೊಂಡೆ. “ಅರಕಲಗೂಡಿನ ಅಳತೆಗಳು ನಂಬಲರ್ಹವಲ್ಲ” ಎಂದು ಪತ್ರಿಕೆಯಲ್ಲಿ ಅಚ್ಚಾಗಿದೆಯಲ್ಲ, ಆ ವಾಕ್ಯ ಬರೆದವಳು ನಾನು.