ಗಾಡಿ ನಿಂತ ಕಾರಣ

ಹೊಸನಗರ
೧೯-೯-೧೯೭೮

ಚಿ. ಶ್ರೀಕೃಷ್ಣನಿಗೆ ನಿನ್ನ ಭಾವ ಗಿರಿಯಪ್ಪನ ಆಶೀರ್ವಾದಗಳು.

ಇಲ್ಲಿ ನಾನು, ಅಮ್ಮ, ಎರಡು ಎಮ್ಮೆ, ಎಲ್ಲರೂ ಆರೋಗ್ಯ. ಮೋಟಾರ್ ಸೈಕಲ್ಲೂ ಮೊನ್ನೆಯಿಂದ ಆರೋಗ್ಯ. ತೀರ್ಥಹಳ್ಳಿಯಲ್ಲಿ ಅತ್ತೆಯವರು, ನೀನು, ಮತ್ತು ನನ್ನ ಮೇಲೆ ಸಿಟ್ಟು ಮಾಡಿಕೊಂಡು ತವರಲ್ಲೇ ಕೂತಿರುವ ನಿನ್ನ ಅಕ್ಕ ವರದಮ್ಮ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಬೇಡ. “ಅವತ್ತು ಗಾಡಿ ಯಾಕೆ ನಿಂತಿತು ಅಂತ ಅವ್ರು ಮೊದ್ಲು ಹೇಳ್ಲಿ, ಆಮೇಲೆ ಬರ್ತೀನಿ” ಎಂದು ಅಕ್ಕ ಹೇಳಿದ್ದಾಳೆಂದು ಬರೆದಿದ್ದೆ. ಕಾರಣವೇ ಗೊತ್ತಿಲ್ಲದೆ ಏನೆಂದು ಬರೆಯಲಿ?

ಆ ದಿನದ್ದು ನಿನಗೆ ಗೊತ್ತೇ ಇದೆ. ಮಾವನವರಿಗೆ ಜಾಸ್ತಿಯಾಗಿದೆ ಎಂದು ನಿನ್ನ ತಂತಿ ಬಂತು. ಬಸ್ಸಿಗೆ ಹೋಗೋಣ ಎಂದಳು ನಿನ್ನಕ್ಕ. ಬಸ್ಸಿಗಿಂತ ಅರ್ಧ ಗಂಟೆ ಮುಂಚೆ ಮುಟ್ಟಿಸುತ್ತೇನೆ ಎಂದು ಜಂಬ ಕೊಚ್ಚಿ, ಹಿಂದೆ ಕೂರಿಸಿಕೊಂಡು ಹೊರಟೆ. ನಾಲ್ಕನೇ ಮೈಲಿಗೆ, ಸರಿಯಾಗಿ ಚೌಡಿ ಬನದ ಎದುರು, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಒದ್ದು ಒದ್ದು ನನ್ನ ಕಾಲು ಸೋಲುವಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. “ಕೈ ಮಾಡಿ” ಎಂದಳು. “ಐದು ನಿಮಿಷ ತಡಿ, ಈಗ ಹೊರಡ್ತದೆ” ಎಂದೆ. ಬಸ್ಸು ಹೋಯಿತು. ಅಲ್ಲಿಂದ ಮುಂದೆ ಇನ್ನೂ ಐದು ಕಡೆ ನಿಂತು ನಾವು ಮುಟ್ಟುವಾಗ ಮಾವ ತೀರಿಕೊಂಡು ಒಂದು ಗಂಟೆಯಾಗಿತ್ತು. ಕೊನೆವರೆಗೂ ವರದ ಬಂದ್ಲಾ ಎಂದು ಕೇಳುತ್ತಿದ್ದರಂತೆ. ತಿಥಿ ಮುಗಿದ ಮೇಲೆ ಅವಳು ನನ್ನ ಜೊತೆ ಹೊರಡಲಿಲ್ಲ. ನಾನೂ ಕರೆಯುವ ಧೈರ್ಯ ಮಾಡಲಿಲ್ಲ.

ಕಾರಣ ಹುಡುಕಿದ ಕಥೆ ಹೇಳುತ್ತೇನೆ, ಕೇಳು. ಮೊದಲನೆಯ ವೈದ್ಯೆ ನಮ್ಮಮ್ಮ. ಬನದ ಎದುರು ಹೆಂಡತಿಯನ್ನು ಕೂರಿಸಿಕೊಂಡು ಗಾಳಿಯ ಹಾಗೆ ಹೋದರೆ ಚೌಡಿ ಬಿಡುತ್ತಾಳೆಯೇ ಎಂದು ಕೇಳಿದಳು. ಒಂದು ಕಾಯಿ ಕೊಟ್ಟಳು. ಮುಂದಿನ ಸಲ ಆ ದಾರಿಯಲ್ಲಿ ಹೋದಾಗಲೂ ಗಾಡಿ ಅಲ್ಲೇ ನಿಂತಿತು, ಕಾಯಿ ಒಡೆದೆ, ಹೊರಟಿತು! ಆವತ್ತಿನಿಂದ ನನ್ನ ದನದ ಔಷಧಿ ಚೀಲದಲ್ಲಿ ಸಿರಿಂಜಿನ ಜೊತೆಗೆ ತೆಂಗಿನಕಾಯಿಯೂ ಇರತೊಡಗಿತು. ಹಸುವಿಗೆ ಯಾವುದನ್ನು ಕೊಡುತ್ತೇನೋ ಎಂದು ಊರವರು ಹೆದರಿಕೊಂಡು ನೋಡುವಂತಾಯಿತು. ಒಂದು ವಾರ ಕಳೆದು ಇನ್ನೊಂದು ದಿಕ್ಕಿಗೆ, ನಗರ ಊರಿನ ರಸ್ತೆಯಲ್ಲಿ ಹೋದೆ. ಅಲ್ಲಿ ಬನವೂ ಇಲ್ಲ, ಚೌಡಿಯೂ ಇಲ್ಲ. ಆದರೂ ನಾಲ್ಕನೇ ಮೈಲಿಗೆ ನಿಂತಿತು. ಅಮ್ಮನಿಗೆ ಹೇಳಿದರೆ, “ಚೌಡಿ ಏನು ಒಂದೇ ರಸ್ತೇಲಿ ಓಡಾಡ್ತಾಳೆ ಅಂತ ಮಾಡಿದ್ಯಾ?” ಎಂದಳು.

ಎರಡನೆಯ ವೈದ್ಯ ಮೆಕ್ಯಾನಿಕ್ ಸುಬ್ಬಯ್ಯ. ಮೂರು ಸಲ ಕಾರ್ಬೊರೇಟರ್ ಬಿಚ್ಚಿದ, ಅದರ ಜೆಟ್ಟಿನ ತೂತು ಊದಿದ. ಪೆಟ್ರೋಲ್ ಪೈಪನ್ನು ಬಾಯಲ್ಲಿಟ್ಟು ಎಳೆಯಲು ಹೋಗಿ ಒಂದು ಗುಟುಕು ನುಂಗಿ, ಇಡೀ ದಿನ ಬೀಡಿ ಹಚ್ಚಲು ಹೆದರಿ ಬಾಯಿಗೆ ಬರೀ ಎಲೆ ಅಡಿಕೆ ಹಾಕಿಕೊಂಡು ಕೂತ. ಅವನ ಅಂಗಡಿ ಮುಂದೆ ಗಂಟೆಗಟ್ಟಲೆ ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ನಾನು ಹತ್ತಿಕೊಂಡು ಹೋದರೆ ನಾಲ್ಕೇ ಮೈಲಿ. “ಗಾಡಿ ಬಂಗಾರದಂಗೆ ಇದೆ ಸಾರ್, ನೀವು ಕೂತ್ರೆ ಮಾತ್ರ ನಿಲ್ತದೆ” ಎಂದುಬಿಟ್ಟ. ಹಾಗಾದರೆ ನನ್ನ ಭಾರವೇ ಕಾರಣವೆಂದು ಅಮ್ಮ ಒಂದು ವಾರ ಬೆಳಿಗ್ಗೆ ಎರಡೇ ಕಡುಬು ಬಡಿಸಿದಳು. ನನ್ನ ತೂಕ ಇಳಿಯಿತು, ಗಾಡಿ ಮಾತ್ರ ನಿಲ್ಲುವುದನ್ನು ಬಿಡಲಿಲ್ಲ.

ಕೊನೆಗೆ ಮೊನ್ನೆ ಕಾರಣ ಸಿಕ್ಕಿತು. ತಪ್ಪು ನೂರಕ್ಕೆ ನೂರು ನನ್ನದು. ಮಳೆಗಾಲದ ಶುರುವಿನಲ್ಲಿ ನಮ್ಮ ದನದ ಆಸ್ಪತ್ರೆಯಲ್ಲಿದ್ದ ಖಾಲಿ ಡಬ್ಬವೊಂದರಲ್ಲಿ ಪೆಟ್ರೋಲು ತಂದು ಟ್ಯಾಂಕಿಗೆ ಸುರಿದಿದ್ದೆ. ಡಬ್ಬದ ತಳದಲ್ಲಿ ದನದ ಹೊಟ್ಟೆಹುಳದ ಪುಡಿ ಉಳಿದಿದ್ದುದನ್ನು ನೋಡಿರಲಿಲ್ಲ. ಓಡುವಾಗ ಆ ಪುಡಿ ಬಂದು ಟ್ಯಾಂಕಿನ ಕೆಳಗಿನ ನಲ್ಲಿಯ ಜಾಲರಿಗೆ ಕಟ್ಟಿಕೊಳ್ಳುತ್ತಿತ್ತು, ನಿಂತಾಗ ತಳಕ್ಕಿಳಿಯುತ್ತಿತ್ತು. ಎರಡೂವರೆ ತಿಂಗಳಿಂದ ಹುಳದ ಔಷಧಿ ಕುಡಿದ ಮೋಟಾರ್ ಸೈಕಲ್ಲು ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಈಗ ಟ್ಯಾಂಕು ತೊಳೆದಾಗಿದೆ.

ಇಷ್ಟನ್ನೂ ಅಕ್ಕನ ಎದುರು ಗಟ್ಟಿಯಾಗಿ ಓದು. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ. ಬೈಯುವುದು ಎಷ್ಟಿದೆಯೋ ಅಷ್ಟನ್ನೂ ಇಲ್ಲಿಗೇ ಬಂದು ಬೈಯಲಿ. ಭಾನುವಾರ ಬರುತ್ತೇನೆ, ಬಸ್ಸಿನಲ್ಲಿ. ಅವಳಿಲ್ಲದೆ ನನಗೆ ಮನೆಯಲ್ಲಿ ಕೂರಲಾಗುತ್ತಿಲ್ಲ. ಈ ಸಾಲನ್ನೂ ಬಿಡದೆ ಓದು, ನಾಚಿಕೊಳ್ಳಬೇಡ.

ಅತ್ತೆಯವರಿಗೆ ನನ್ನ ನಮಸ್ಕಾರ. ದೀಪಾವಳಿ ಹೊತ್ತಿಗೆ ನಿನ್ನ ಬಟ್ಟೆ ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ ಬರಲಿ, ನಿನಗೂ ಆದಷ್ಟು ಬೇಗ ಒಂದು ಒಳ್ಳೆಯ ಸಂಬಂಧ ಕೂಡಿಬರಲಿ ಎಂದು ಹರಸುತ್ತೇನೆ.

ಇಂತಿ ನಿನ್ನ ಭಾವ,
ಗಿರಿಯಪ್ಪ

ವಿ. ಸೂ.: ಈ ಬೇರೆ ಹಾಳೆ ನಿನಗೊಬ್ಬನಿಗೆ. ಕಾಗದವನ್ನು ಮನೆಗೆ ಹಾಕದೆ ಅಂಗಡಿಗೆ ಹಾಕಿದ್ದು ಇದಕ್ಕೇ. ಹುಳದ ಪುಡಿ, ಡಬ್ಬ ಎಲ್ಲ ನಾನು ಕಟ್ಟಿದ ಕಥೆ.

ಮೊನ್ನೆ ನಗರದ ಹತ್ತಿರ ಮೂಕಮ್ಮ ಎಂಬವರ ಮನೆಯಲ್ಲಿ ಕರು ಹಾಕಿದ ಹಸು ಏಳಲಾರದೆ ಮಲಗಿತ್ತು. ಕುತ್ತಿಗೆಗೆ ಸೂಜಿ ಹಾಕಿ ಔಷಧಿಯ ಬಾಟಲಿಯನ್ನು ತಲೆಕೆಳಗಾಗಿ ಹಿಡಿದೆ. ನಾಲ್ಕು ಬೆರಳು ಇಳಿದು ನಿಂತುಬಿಟ್ಟಿತು. “ಬಾಟ್ಲಿ ತುಂಬ ಇದೆಯಲ್ಲ, ಯಾಕೆ ಇಳೀತಿಲ್ಲ?” ಎಂದರು ಮೂಕಮ್ಮ. ನೋಡಿದರೆ ಬಿರಡೆಗೆ ಗಾಳಿಯ ಸೂಜಿ ಚುಚ್ಚುವುದನ್ನೇ ಮರೆತಿದ್ದೆ. ಒಳಗೆ ಗಾಳಿ ಹೋಗದೆ ಔಷಧಿ ಹೊರಗೆ ಬರುವುದಿಲ್ಲ, ಯಾವ ಕಾಂಪೌಂಡರನಿಗೂ ಗೊತ್ತಿರುವ ವಿಷಯ. ಚುಚ್ಚಿದ ತಕ್ಷಣ ಗುಳುಗುಳು ಎಂದು ಇಳಿಯಿತು. ಆಗ ನನಗೆ ಹೊಳೆಯಿತು. ಪ್ರತಿ ಸಲ ಕಾಯಿ ಒಡೆದ ಮೇಲೆ, ಪೆಟ್ರೋಲು ಇದೆಯೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದೆ. ಸುಬ್ಬಯ್ಯನೂ ತನ್ನ ಅಂಗಡಿಯಲ್ಲಿ ಮುಚ್ಚಳ ತೆಗೆದಿಟ್ಟೇ ಎಂಜಿನ್ನು ಓಡಿಸುತ್ತಿದ್ದ. ಹಸು ಎದ್ದು ನಿಲ್ಲುವ ತನಕ ಹೇಗೋ ತಡೆದುಕೊಂಡು, ಗಾಡಿಯ ಹತ್ತಿರ ಓಡಿದೆ. ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ತೂತಿಗೆ ಯಾರೋ ಹಲಸಿನ ಮೇಣ ಮೆತ್ತಿದ್ದರು.

ಯಾರೋ ಅಲ್ಲ. ಗಟ್ಟಿಯಾದ ಮೇಣದ ಮೇಲೆ ಹೆಬ್ಬೆರಳು ಒತ್ತಿದ ಗುರುತಿತ್ತು, ನಡುವೆ ಒಂದು ಅಡ್ಡ ಗೆರೆ. ತರಕಾರಿ ಹೆಚ್ಚುವಾಗ ಮೆಟ್ಟುಗತ್ತಿ ತಾಗಿದ ಆ ಗೆರೆ ಯಾರ ಬೆರಳಿನದೆಂದು ನಿನಗೂ ಗೊತ್ತು. ಟ್ಯಾಂಕಿಗೆ ಮಳೆನೀರು ಇಳಿಯುತ್ತದೆ ಎಂದು ಜೂನ್ ತಿಂಗಳೆಲ್ಲ ನಾನು ಗೊಣಗುತ್ತಿದ್ದೆ. ಗಾಡಿ ಕೆಟ್ಟು ನಾನು ದಾರಿಯಲ್ಲಿ ನೆನೆಯುತ್ತ ನಿಲ್ಲದಿರಲಿ ಎಂದು, ಸೋರುವ ಕೊಡಕ್ಕೆ ಮೆತ್ತುವ ಹಾಗೆ ಮೆತ್ತಿದ್ದಾಳೆ ನಿನ್ನಕ್ಕ. ಆಸ್ಪತ್ರೆಗೆ ಅರ್ಧ ಮೈಲಿ ಹೋಗಿ ಬರುವುದರಲ್ಲಿ ನನಗದು ಗೊತ್ತೇ ಆಗಲಿಲ್ಲ. ಅದಾದ ಮೇಲೆ ನಾನು ಮೊದಲ ಸಲ ದೂರ ಹೊರಟದ್ದು ತಂತಿ ಬಂದ ದಿನವೇ.

ಮೇಣವನ್ನು ಕೆರೆದು ತೆಗೆದಿದ್ದೇನೆ. ಅವಳು ಹುಳದ ಪುಡಿಯನ್ನೇ ನಂಬಲಿ. ಬಸ್ಸಿಗೆ ಕೈ ಮಾಡದವನು ಹೇಗೂ ನಾನೇ, ಅಷ್ಟಂತೂ ನಿಜ. ಅಪ್ಪನ ಮುಖ ಕಾಣದ ಹಾಗೆ ಮಾಡಿದವನು ಗಂಡ ಎಂದುಕೊಂಡರೆ ನನ್ನನ್ನು ಬೈದುಕೊಂಡಾದರೂ ಅವಳ ದಿನ ಹೋಗುತ್ತದೆ. ತಾನೇ ಎಂದು ಗೊತ್ತಾದರೆ ಯಾರನ್ನು ಬೈಯುತ್ತಾಳೆ? ಓದಿದ ಕೂಡಲೇ ಈ ಹಾಳೆಯನ್ನು ಸುಟ್ಟುಬಿಡು.