ಕರಡಿಗೆ ಮುಚ್ಚಳದ ಕೀಲು

ಅತ್ತೆ,

ಜಗಲಿ ಮೇಲಿನ ವಿಭೂತಿ ಗಟ್ಟಿ ಅರ್ಧ ಸವೆದೈತೆ ಅಂತ ಸಿಟ್ಟಾಗಬ್ಯಾಡ್ರಿ, ತಗೊಂಡವಳು ನಾನೇ.

ನಿಮ್ಮ ಲಿಂಗ ಇಡೋ ಬೆಳ್ಳಿ ಕರಡಿಗೆಗೆ ಕೀಲು ಕೂರಿಸಾಕೆ ಬೆಸುಗೆ ಹಾಕಿದಾಗೆಲ್ಲ ಅದು ಕೀಲಿನೊಳಗೆ ಹರಿದು ಮುಚ್ಚಳ ಕಚ್ಚಿಕೊಳ್ತಿತ್ತಲ್ಲ? ಬೆಳಿಗ್ಗೆ ಕೀಲಿಗೆ ವಿಭೂತಿ ಕಲಸಿ ಬಳಿದೆ. ಬೆಸುಗೆ ಅದರ ಹತ್ರಾನೂ ಸುಳೀಲಿಲ್ಲ ನೋಡ್ರಿ. ಮುಚ್ಚಳ ಬಾಗಿಲಿನಂಗೆ ಆಡ್ತೈತೆ, ನಾನು ಕುಣಿಯೋದೊಂದು ಬಾಕಿ.

ಒಲೆ ಪಕ್ಕದ ಹುಣಸೆನೀರು ಬೆಳ್ಳಿಯ ಮಸಿ ಬಿಡಿಸಿದ್ದು. ಹೋದ ಸಲದಂಗೆ ಸಾರಿಗೆ ಹಾಕಿಬಿಟ್ಟೀರಿ.

ಕರಡಿಗೆ ಫೋಟೋ ಕಳಿಸಿದ್ದೆ, ನೋಡಿ ಹರಿಹರದ ಗಿರಾಕಿಯೊಬ್ರು ತಮಗೂ ಇಂಥದ್ದೇ ಬೇಕು ಅಂದ್ರು. ಅಳತೆ ತಗೊಳ್ಳಾಕೆ ಹೊಂಟೀನಿ, ಬಸ್ಸಿಗೆ ಹೊತ್ತಾತು.

ಕರಡಿಗೆ ಪೂಜೆ ತಟ್ಟೆಯಲ್ಲೈತೆ. ಎಡಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಸಾಕು, ತೆಗೀತೈತೆ. ಬಲಗೈ ಸ್ವಾಧೀನ ತಪ್ಪಿದಾಗಿನಿಂದ ಮುಚ್ಚಳ ತೆಗೆಯಾಕೆ ದಿನಾ ನನ್ನ ದಾರಿ ನೋಡ್ತಿದ್ರಿ.

ಇವತ್ತು ಪೂಜೆಗೆ ನಾನು ಬರೋತನಕ ಕಾಯಬ್ಯಾಡ್ರಿ.

ಸ್ನೇಹಾ